ಒಂದು ಮೊರ ರಾಗಿ

ಕಳೆದ ವಾರ ಕಂಬಳಿಯನ್ನು ಬಿಸಿಲಿಗೆ ಹಾಕಿ ಶಾಲೆಗೆ ಹೋಗಿದ್ದೆ. ಮಧ್ಯಾಹ್ನದ ಮೇಲೆ ಚಿತ್ರದುರ್ಗದ ಬಂಡೆಗುಡ್ಡಗಳ ಹಿಂದಿನಿಂದ ಒಂದು ಮೋಡ ಬಂದು, ನಾನು ಕೊನೆಯ ಪೀರಿಯಡ್ಡಿನ ಲೆಕ್ಕದ ಪಾಠ ಮುಗಿಸಿ ಮನೆ ಸೇರುವಷ್ಟರಲ್ಲಿ ಸಣ್ಣಗೆ ಹನಿಸಿ ಹೋಗಿತ್ತು. ನನ್ನದು ಮಹಡಿಯ ಮೇಲಿನ ಒಂದೇ ಕೋಣೆಯ ಮನೆ. ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು. ಮೊದಲು ನೆನೆದ ಉಣ್ಣೆ, ಅದರ ಹಿಂದೆ ಕುರಿಮೈಯ ಜಿಡ್ಡು, ಅದಕ್ಕೂ ಹಿಂದೆ, ಮುಖ ಹತ್ತಿರ ತಂದವರಿಗೆ ಮಾತ್ರ ಸಿಗುವ ಹಾಗೆ, ಹುರಿದ ಹುಣಸೆ ಬೀಜದ ಗಂಜಿ. ತಂತಿಯ ಮೇಲೆ ತೂಗುತ್ತಿದ್ದ ಕಂಬಳಿಯಲ್ಲಿ ಮುಖವಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿನ ಮನೆಯವರು ಬಟ್ಟೆ ತೆಗೆಯಲು ಬಂದು, ನನ್ನನ್ನು ನೋಡಿ, ಹಾಗೇ ಇಳಿದು ಹೋದರು. ದಿನಚರಿ ಬರೆಯುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಯಾರು ಬಂದರು, ಯಾರು ಹೋದರು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತೇನೆ. ಆ ದಿನದ ಪುಟದಲ್ಲಿ ಮಾತ್ರ ಕಂಬಳಿ ನೆನೆಯಿತು ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಆದ್ದರಿಂದ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಹುಣಸೆ ಬೀಜದ ಗಂಜಿಯ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ. ಯಾವುದೋ ಸಂತೆಯಲ್ಲೋ ಯಾರದೋ ಹಿತ್ತಿಲಲ್ಲೋ ಅದು ಮೂಗಿಗೆ ಬಡಿದರೆ, ಈಗ ಇಲ್ಲದ ಮನೆಯೊಂದರ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ನಮ್ಮ ಮನೆ ಧರ್ಮಪುರದಿಂದ ಎರಡು ಮೈಲಿ ಒಳಗಿನ ಒಂದು ಹಟ್ಟಿಯಲ್ಲಿತ್ತು. ಹಟ್ಟಿಯವರೆಲ್ಲ ಕುರುಬರು. ಕೆಲವರು ಕುರಿ ಕಾಯುತ್ತಿದ್ದರು, ನಾವು ಕಂಬಳಿ ನೇಯುತ್ತಿದ್ದೆವು. ಮಣ್ಣಿನ ಮಾಳಿಗೆಯ ಆ ಮನೆಯ ನಡುಮನೆಯಲ್ಲೇ ನೆಲ ತೋಡಿ ಕೂರಿಸಿದ ಮಗ್ಗ, ಅದರ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ, ಗೋಡೆಗೊರಗಿ ರಾಟೆ ತಿರುಗಿಸುವ ಅಜ್ಜಿ. ಗಂಜಿ ಮಾತ್ರ ಅತ್ತೆಯ ಕೆಲಸ. ಅಪ್ಪನ ತಂಗಿ, ತಿಪ್ಪಮ್ಮತ್ತೆ. ಹುಣಸೆ ಬೀಜವನ್ನು ಕೆಂಪಗೆ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ನೆನೆಸಿ, ಒರಳಲ್ಲಿ ರುಬ್ಬಿ, ದೊಡ್ಡ ಮಣ್ಣಿನ ಹರವಿಯಲ್ಲಿ ಕುದಿಸುತ್ತಿದ್ದಳು. ಬೆಳಗಿನ ಹೊತ್ತು ಹಟ್ಟಿಯ ಬೀದಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಕರಿಯ ನೂಲಿನ ಹಾಸನ್ನು ಎಳೆದು ಕಟ್ಟುತ್ತಿದ್ದರು. ಅದರ ಪಕ್ಕದಲ್ಲಿ ಅತ್ತೆ ಬಿಸಿ ಗಂಜಿಯ ಪಾತ್ರೆ ಸೊಂಟಕ್ಕೇರಿಸಿಕೊಂಡು, ನೂಲು ಬಿಗಿಯಾಗಲೆಂದು ಕುಂಚ ಅದ್ದಿ ಅದ್ದಿ ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆ. ಗಂಜಿ ಹಿಡಿದು ಹಿಡಿದು ಅವಳ ಬಲಗೈಯ ಬೆರಳುಗಳು ನದಿಯ ಕಲ್ಲಿನ ಹಾಗೆ ನುಣ್ಣಗಾಗಿದ್ದವು. ಆ ಬೆರಳಲ್ಲಿ ತಲೆ ಬಾಚಿಸಿಕೊಂಡವಳಿಗೆ ಬೇರೆ ಯಾರ ಕೈಯೂ ಒರಟೇ.

ಅತ್ತೆ ನನ್ನವಳಾದದ್ದು ನನ್ನ ತಮ್ಮ ಹುಟ್ಟಿದಾಗ. ಅವ್ವನ ಮಗ್ಗುಲು ಅವನದಾಯಿತು. ನಾನು ರಂಪ ಮಾಡಿದಾಗ ಅತ್ತೆ ತನ್ನ ಕಂಬಳಿಯ ಅಂಚನ್ನು ಎತ್ತಿ, "ಬಾ ಇಲ್ಲಿ, ಇಲ್ಲಿ ಜಾಗ ಐತೆ" ಎಂದಳು. ಅಷ್ಟೇ. ಮಕ್ಕಳಾಗಲಿಲ್ಲವೆಂದು ಗಂಡ ಬಿಟ್ಟಿದ್ದರಿಂದ ಅವಳು ತವರಿಗೆ ಬಂದು ಆಗಲೇ ಕೆಲವು ವರ್ಷವಾಗಿತ್ತು. ಅವಳಿಗೂ ಯಾರೂ ಇರಲಿಲ್ಲ, ನನಗೂ ಯಾರೂ ಇರಲಿಲ್ಲ ಎಂದುಕೊಂಡು ನಾನು ಆ ಅಂಚಿನೊಳಗೆ ಸೇರಿಕೊಂಡೆ. ದಿನಾ ಮಲಗುವ ಮುಂಚೆ ಅವಳು ಕೇಳುತ್ತಿದ್ದುದು ಒಂದೇ ಮಾತು, "ಉಂಡೇನೇ?" ಕಣ್ಣೆದುರೇ ಉಂಡಿದ್ದರೂ ಕೇಳುತ್ತಿದ್ದಳು. ಹೂಂ ಎಂದರೆ ಮಾತ್ರ ಅವಳ ದಿನ ಮುಗಿಯುತ್ತಿತ್ತು.

ಅವಳ ಹೆಸರಿನ ಕತೆಯನ್ನು ಅಜ್ಜಿ ನೂಲುತ್ತ ನೂಲುತ್ತ ಹೇಳುತ್ತಿದ್ದಳು. ಅಪ್ಪನಾದ ಮೇಲೆ ಹುಟ್ಟಿದ ಮೂರು ಕೂಸುಗಳೂ ಉಳಿಯಲಿಲ್ಲ. ನಾಲ್ಕನೆಯದು ಹುಟ್ಟಿದಾಗ, ನಮ್ಮ ಕಡೆ ಮಾಡುವ ಹಾಗೆ, ಅದನ್ನು ಹಳೆಯ ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು ಬಂದರು. ಯಾರಿಗೂ ಬೇಡದ ಕೂಸು ಎಂದು ತಿಳಿದು ಸಾವು ಅದರ ಕಡೆ ತಿರುಗಿ ನೋಡದೆ ಹೋಗಲಿ ಎಂದು. ಪಕ್ಕದ ಮನೆಯ ಈರಜ್ಜಿ ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ತಿಪ್ಪೆ ಮ್ಯಾಲೆ ಒಂದು ಕೂಸು ಸಿಕ್ಕೈತೆ, ಕೊಂಡ್ಕಂತೀರೇನ್ರಿ?" ಎಂದು ಕೂಗಿದಳಂತೆ. ಅಜ್ಜಿ ಬಾಣಂತಿ ಮೈಯಲ್ಲೇ ಎದ್ದು ಬಂದು ಒಂದು ಮೊರ ರಾಗಿ ಸುರಿದು, ತನ್ನ ಹೊಟ್ಟೆಯ ಕೂಸನ್ನು ತಾನೇ ಕೊಂಡಳು. ಹೆಸರು ತಿಪ್ಪಮ್ಮ ಎಂದಾಯಿತು. ನಮ್ಮ ಕಡೆ ತಿಪ್ಪಮ್ಮ, ತಿಪ್ಪೇಶಿ ಎಂದರೆ ಯಾರೂ ನಗುವುದಿಲ್ಲ, ಮನೆಗೊಬ್ಬರು ಇರುತ್ತಾರೆ. ಅತ್ತೆ ಮಾತ್ರ ಒಮ್ಮೆ, ಬೀಜ ಹುರಿಯುತ್ತ, ಯಾರಿಗೂ ಹೇಳದ ಹಾಗೆ ಹೇಳಿದ್ದು ನನಗೆ ನೆನಪಿದೆ. "ಬ್ಯಾಡಾದ ಕೂಸು ಅಂತ ಸಾವು ನಂಬ್ತೋ ಇಲ್ವೋ ಕಾಣೆ. ಗಂಡ ನಂಬಿದ."

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅತ್ತೆಗೆ ರಕ್ತ ಹೋಗುವ ಕಾಯಿಲೆ ಬಂದು ಒಂದು ಚಳಿಗಾಲವಿಡೀ ಮಲಗಿದಳು. ಧರ್ಮಪುರದ ಆಸ್ಪತ್ರೆಯಿಂದ ಸುಗುಣ ಸಿಸ್ಟರ್ ಎಂಬ ನರ್ಸಮ್ಮ ದಿನ ಬಿಟ್ಟು ದಿನ ಮೊಪೆಡ್ಡಿನಲ್ಲಿ ಬಂದು ಸೂಜಿ ಹಾಕುತ್ತಿದ್ದರು. ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು ಅವರು, ಕ್ರಿಶ್ಚಿಯನ್ನರು. ಸೂಜಿ ಹಾಕುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಯಾರ ಹತ್ತಿರ ಮಾತಾಡುತ್ತೀರಿ ಎಂದು ಅತ್ತೆಯೇ ಕೇಳಿದಳು. ಸಿಸ್ಟರ್ ನಕ್ಕು ಹೇಳಿದರು. ಆಮೇಲೆ ಕೆಲಸ ಮುಗಿದ ದಿನ ಚೀಲದಿಂದ ತಮ್ಮ ವೇದಪುಸ್ತಕ ತೆಗೆದು ಒಂದು ಪುಟ ಓದಿ ಹೋಗುವುದು ರೂಢಿಯಾಯಿತು. ಅತ್ತೆಗೆ ಓದು ಬರುತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕದಲ್ಲಿ ಹುಣಸೆ ಬೀಜ ಇಟ್ಟುಕೊಂಡು ಮಗ್ಗಿ ಲೆಕ್ಕ ಹಾಕುತ್ತಿದ್ದ ಒಂದು ಸಂಜೆ, ದೇವರು ಬಡವನನ್ನು ಧೂಳಿನಿಂದಲೂ ತಿಪ್ಪೆಯಿಂದಲೂ ಎತ್ತಿ ದೊಡ್ಡವರ ಪಕ್ಕದಲ್ಲಿ ಕೂರಿಸುತ್ತಾನೆ ಎಂಬರ್ಥದ ಒಂದು ಮಾತು ಸಿಸ್ಟರ್ ಬಾಯಿಂದ ಬಂತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ ಮಗ್ಗುಲು ಬದಲಿಸಿದಳು.

"ಏನಂದ್ರಿ? ತಿಪ್ಪೆ ಅಂದ್ರಾ?"

"ಹೂಂ ತಿಪ್ಪಮ್ಮ. ತಿಪ್ಪೆ ಅಂತಾನೇ ಬರ್ದೈತೆ."

"ಇನ್ನೊಂದು ಸಲ ಓದ್ರಿ."

ಸಿಸ್ಟರ್ ಓದಿದರು. ಅತ್ತೆ ಮೊಣಕೈ ಊರಿ ಎದ್ದು ಕೂತಳು. ತಿಂಗಳುಗಳಾದ ಮೇಲೆ ಅವಳು ತಾನಾಗಿ ಎದ್ದು ಕೂತದ್ದು ಅದೇ ಮೊದಲು. ನನ್ನ ಕಡೆ ನೋಡಲಿಲ್ಲ, ಸಿಸ್ಟರ್ ಕಡೆಯೂ ನೋಡಲಿಲ್ಲ; ಬಾಗಿಲಲ್ಲಿ ಯಾರೋ ಬಂದು ನಿಂತು ಹೆಸರು ಹಿಡಿದು ಕರೆದ ಹಾಗೆ ಬಾಗಿಲ ಕಡೆ ನೋಡಿದಳು. ನಾನೂ ತಿರುಗಿ ನೋಡಿದೆ. ಅಲ್ಲಿ ನನಗೆ ಕಂಡದ್ದು ಹೊಸ್ತಿಲು, ಅದರಾಚೆ ಕಟ್ಟಿಹಾಕಿದ ಕುರಿಮರಿ. ನನ್ನ ಅತ್ತೆ ನನ್ನಿಂದ ಹೋದದ್ದು ಆ ಸಂಜೆಯೇ ಎಂದು ನಾನು ಈಗಲೂ ಲೆಕ್ಕ ಹಿಡಿದಿದ್ದೇನೆ. ಕಾಯಿಲೆ ನಿಧಾನವಾಗಿ ಇಳಿಯಿತು. ದೇವರು ವಾಸಿ ಮಾಡಿದ ಎಂದು ಅತ್ತೆ ಹೇಳಿಕೊಂಡು ತಿರುಗಲಿಲ್ಲ. ಯಾರಾದರೂ ಕೇಳಿದರೆ, "ಸೂಜಿ ಸಿಸ್ಟರ್‌ದು. ಎಬ್ಬಿಸಿದ್ದು ಅವನು" ಎನ್ನುತ್ತಿದ್ದಳು.

ಆ ಮೇಲಿನ ದಿನಗಳ ಉರಿಯನ್ನು ಹೇಗೆ ಹೇಳಲಿ? ಕೋಳಿ ಕೂಗುವ ಹೊತ್ತಿಗೆ ಎಚ್ಚರವಾದರೆ, ಕಂಬಳಿಯ ಒಳಗೆ, ನನ್ನ ಪಕ್ಕದಲ್ಲೇ, ಅತ್ತೆ ಯಾರೊಂದಿಗೋ ಮಾತಾಡುತ್ತಿರುತ್ತಿದ್ದಳು. ಅದು ಮಂತ್ರವಲ್ಲ, ಹಾಡಲ್ಲ. ಅಜ್ಜಿ ಮನೆದೇವರು ಬೀರಪ್ಪನ ಮುಂದೆ ಕಂಬಳಿಯ ಗದ್ದಿಗೆ ಹಾಸಿ ಭಂಡಾರ ಹಚ್ಚಿ ಕೈ ಮುಗಿಯುವಾಗ ಇರುತ್ತಿದ್ದ ಅಂಜಿಕೆ ಅದರಲ್ಲಿ ಇರಲಿಲ್ಲ. "ಅಪ್ಪಾ" ಎನ್ನುತ್ತಿದ್ದಳು. ಅವಳ ತಂದೆ ಅವಳು ಅಂಬೆಗಾಲಿಡುವ ಮುಂಚೆಯೇ ತೀರಿಕೊಂಡಿದ್ದ. ಆ ಮಾತನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಈಗ ಅದನ್ನು ಹೊಸ ಬಳೆ ತೊಟ್ಟವಳು ಕೈ ಆಡಿಸುವ ಹಾಗೆ ಮತ್ತೆ ಮತ್ತೆ ಅನ್ನುತ್ತಿದ್ದಳು. ಅವನಿಗೆ ಎಲ್ಲವನ್ನೂ ಹೇಳುತ್ತಿದ್ದಳು. ನೂಲು ಹರಿದದ್ದು, ಅಣ್ಣನ ಬೆನ್ನುನೋವು, ಅವ್ವನ ಮುನಿಸು. ನನ್ನ ವಿಷಯವನ್ನೂ. "ಅಪ್ಪಾ, ಈ ರತ್ನಿ ಲೆಕ್ಕದಲ್ಲಿ ಚುರುಕು ಐತೆ, ಮಾತು ಒರಟು. ಅದರ ಒಳಗಿರಾ ಮೆತ್ತನ್ನದು ನನಗೊಬ್ಬಳಿಗೇ ಗೊತ್ತು. ನೀನೂ ತಿಳ್ಕ." ನನ್ನ ಒಳಗಿನ ಮೆತ್ತನೆಯದು ನಮ್ಮಿಬ್ಬರದು ಎಂದುಕೊಂಡಿದ್ದೆ ನಾನು. ಅದನ್ನು ಅವಳು ಎತ್ತಿ ಅವನ ಕೈಗೆ ಕೊಟ್ಟುಬಿಟ್ಟಳು. ಕೆಲವು ದಿನ ಅವಳು ನನ್ನ ಹೆಸರನ್ನು ಎಷ್ಟು ಸಲ ಹೇಳಿದಳು, ಅಪ್ಪಾ ಎಂದು ಎಷ್ಟು ಸಲ ಅಂದಳು ಎಂದು ಕಾಪಿ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕಿ ನೋಡಿದೆ. ಅವನ ಸಾಲು ಯಾವಾಗಲೂ ಉದ್ದವಾಗುತ್ತಿತ್ತು. ಆಮೇಲೆ ಬಿಟ್ಟುಬಿಟ್ಟೆ. ಸೋಲುವ ಲೆಕ್ಕ ಯಾರು ಬರೆಯುತ್ತಾರೆ?

ಭಾನುವಾರ ನನಗೆ ತಲೆಗೆ ಎರೆಯುವ ದಿನವಾಗಿತ್ತು. ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ಸೀಗೆಕಾಯಿ ಹಚ್ಚಿ, ಕಣ್ಣುರಿ ಎಂದು ಚೀರಿದರೆ ಸೆರಗಲ್ಲಿ ಒರೆಸಿ, ಕೂದಲು ಒಣಗುವವರೆಗೆ ತನ್ನ ಮಂಡಿಯ ಮೇಲೆ ಹರವಿಕೊಂಡು ಕೂರುತ್ತಿದ್ದಳು. ಈಗ ಭಾನುವಾರ ಧರ್ಮಪುರದ ಶೇಂಗಾ ಮಿಲ್ಲಿನ ಹಿಂದಿನ ಒಂದು ತಗಡಿನ ಕೋಣೆಯಲ್ಲಿ ಪ್ರಾರ್ಥನೆ. ನನ್ನ ತಲೆ ಶನಿವಾರಕ್ಕೆ ಸರಿಯಿತು. ಅದೇ ಸೀಗೆಕಾಯಿ, ಅದೇ ಕೈ. ಆದರೆ ಭಾನುವಾರದ್ದನ್ನು ಬೇರೆಯವರಿಗೆ ಎತ್ತಿಟ್ಟು ನನಗೆ ಶನಿವಾರ ಕೊಟ್ಟಿದ್ದಾಳೆ ಎಂದು ನಾನು ನೆತ್ತಿ ತಾಗಿದಾಗಲೆಲ್ಲ ತಲೆ ಕೊಡವುತ್ತಿದ್ದೆ. ಅವಳು ಅಲ್ಲಿಂದ ಬರುವಾಗ ಮುಖ ಹೇಗಿರುತ್ತಿತ್ತೆಂದರೆ, ಹಟ್ಟಿಯ ಹೆಂಗಸರು ನೀರು ಸೇದುವುದನ್ನು ನಿಲ್ಲಿಸಿ, "ಏನೇ ತಿಪ್ಪಿ, ಗಂಡ ಬಂದು ಕರ್ಕಂಡು ಹೋಗ್ತಾನಂತೇನೇ?" ಎಂದು ಕಿಚಾಯಿಸುತ್ತಿದ್ದರು. ಅವಳು ನಗುತ್ತಿದ್ದಳು. ಎಲ್ಲರಿಗೂ ಅವಳು ಚೆಲುವೆಯಾದದ್ದು ಕಂಡಿತ್ತು. ನನಗೆ ಕಂಡದ್ದು, ಆ ಚೆಲುವು ನನ್ನಿಂದ ಬಂದದ್ದಲ್ಲ ಎಂಬುದು.

ವೇದಾವತಿಯಲ್ಲಿ ಸೊಂಟದುದ್ದ ನೀರಿದ್ದ ವರ್ಷ, ಹಿರಿಯೂರಿನ ಹತ್ತಿರ ಅವಳಿಗೆ ದೀಕ್ಷಾಸ್ನಾನವಾಯಿತು. ಅಪ್ಪ ಬರಲಿಲ್ಲ, ತಡೆಯಲೂ ಇಲ್ಲ. ಮಗ್ಗದ ಗುಂಡಿಯಿಂದ ತಲೆ ಎತ್ತದೆ, "ಹುಡುಗೀನ ಕರ್ಕಂಡು ಹೋಗು, ಒಬ್ಬಳೇ ಹೋಗಬ್ಯಾಡ" ಎಂದ. ಹಾಗಾಗಿ ದಡದಲ್ಲಿ ಒಣ ಸೀರೆ ಎದೆಗವಚಿಕೊಂಡು ನಿಂತವಳು ನಾನು. ಪಾಸ್ಟರು ನೀರಿಗಿಳಿಯುವ ಮುಂಚೆ, ಬೇಕಿದ್ದರೆ ಹೊಸ ಹೆಸರು ಇಟ್ಟುಕೊಳ್ಳಬಹುದು, ಕೃಪಾ ಎಂದೋ ಮರಿಯ ಎಂದೋ, ಹೊಸ ಜೀವ ಅಲ್ಲವೇ ಎಂದರು. ಅತ್ತೆ ಸ್ವಲ್ಪ ಯೋಚಿಸಿದಳು.

"ಬ್ಯಾಡ್ರಿ ಅಯ್ಯನೋರೆ. ತಿಪ್ಪೆಯಿಂದ ಎತ್ತಿದ ಅಂತ ನೀವೇ ಓದ್ತೀರಿ. ಹೆಸರು ಬದಲಿಸ್ಕಂಡ್ರೆ ಎಲ್ಲಿಂದ ಎತ್ತಿದ ಅನ್ನಾದು ಜನಕ್ಕೆ ಹೆಂಗೆ ಗೊತ್ತಾಗ್ಬೇಕು?"

ಪಾಸ್ಟರು ಸಿಸ್ಟರ್ ಮುಖ ನೋಡಿದರು. ಆಮೇಲೆ ಅವಳನ್ನು ತಿಪ್ಪಮ್ಮ ಎಂದೇ ಕರೆದು ನೀರಲ್ಲಿ ಮುಳುಗಿಸಿದರು. ಅವಳು ಮೇಲೆದ್ದಾಗ ಕೂದಲು ಬಿಚ್ಚಿ ಬೆನ್ನಿಗಂಟಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಣ ಸೀರೆಯನ್ನು ಎತ್ತಿ ಹಿಡಿದೆ. ನಾನೇ ಮೊದಲು ಕಾಣಬೇಕೆಂದು ಒಂದು ಹೆಜ್ಜೆ ನೀರಿಗೂ ಇಳಿದೆ. ಅವಳು ನೋಡಿದ್ದು ಮೇಲಕ್ಕೆ.

ಮನೆಗೆ ಬಂದು ಅಜ್ಜಿಯ ಮುಂದೆ ಕೂತು ಅವಳು ಹೇಳಿದ ಮಾತೇ ನನ್ನನ್ನು ಆ ಮೊರದ ದಾರಿಗೆ ಹಚ್ಚಿತು. "ಅವ್ವಾ, ಅವನು ನನ್ನ ಕೊಂಡ್ಕಂಡಾನೆ" ಎಂದಳು. ಅಜ್ಜಿಯ ರಾಟೆ ನಿಂತಿತು.

"ಎಷ್ಟಕ್ಕೆ?"

"ಪ್ರಾಣ ಕೊಟ್ಟು."

ಅಜ್ಜಿ ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತ, "ನಾನು ರಾಗಿ ಕೊಟ್ಟಿದ್ದೆ" ಎಂದಳು. ಮತ್ತೆ ರಾಟೆ ತಿರುಗಿತು.

ಕೊಳ್ಳುವುದು, ಮಾರುವುದು ಎಂದರೆ ಏನೆಂದು ನಮ್ಮ ಹಟ್ಟಿಯ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಕುರಿ ಸಂತೆಯಲ್ಲಿ ಕೊಟ್ಟ ಮರಿಯನ್ನು ಮನಸ್ಸು ತಡೆಯದೆ ಮಾರನೆಯ ದಿನ ಹೋಗಿ ಬಿಡಿಸಿಕೊಂಡು ಬಂದವರಿದ್ದರು. ಅತ್ತೆಯ ಬೆಲೆ ಒಂದು ಮೊರ ರಾಗಿ ಎಂಬುದು ಮನೆಯವರೆಲ್ಲ ಒಪ್ಪಿದ ಸಂಗತಿ. ಹಾಗಾದರೆ ತಿರುಗಿ ಕೊಂಡುಕೊಳ್ಳುವುದಕ್ಕೆ ಏನು ಅಡ್ಡಿ? ಮುಂದಿನ ಭಾನುವಾರ ಅತ್ತೆ ಹೊರಟು ಹೋದ ಮೇಲೆ ನಾನು ಮೊರ ತೆಗೆದುಕೊಂಡು ವಾಡೆಯ ಬಾಯಿಗೆ ಹೋದೆ. ವಾಡೆಯೆಂದರೆ ರಾಗಿ ತುಂಬುವ ಆಳೆತ್ತರದ ಮಣ್ಣಿನ ಕಣಜ. ಅದರ ಬುಡದ ಬಿರಡೆ ತೆಗೆದರೆ ರಾಗಿ ಸುರಿಯುತ್ತದೆ. ಅರ್ಧ ಮೊರ ತುಂಬಿ ಬಿರಡೆ ಒತ್ತುವಾಗ ಹಿಂದೆ ಅಜ್ಜಿ ನಿಂತಿದ್ದಳು. ಬೈಗುಳಕ್ಕೆ ಕಾದೆ. ಅವಳು ನನ್ನ ಎಣ್ಣೆ ಹಚ್ಚಿ ಬಾಚಿದ ತಲೆ ನೋಡಿದಳು, ಶಾಲೆಯ ಲಂಗ ನೋಡಿದಳು, ಮೊರ ನೋಡಿದಳು. ಬಗ್ಗಿ ಬಿರಡೆಯನ್ನು ಮತ್ತೆ ತೆಗೆದು, ಮೊರ ತುಂಬಿ ಗೋಪುರವಾಗುವವರೆಗೆ ಸುರಿಸಿ, ಅಂಗೈಯಲ್ಲಿ ಒತ್ತಿ ಕೂರಿಸಿದಳು.

"ಕಮ್ಮಿ ಆದ್ರೆ ಕೊಡಾಕಿಲ್ಲ" ಎಂದಳು. "ಚೆಲ್ಲಬ್ಯಾಡ, ಸೊಂಟಕ್ಕಿಟ್ಕ."

ಎರಡು ಮೈಲಿ ನಾನು ಅದನ್ನು ಸೊಂಟಕ್ಕಿಟ್ಟು, ತಲೆಗಿಟ್ಟು, ಮತ್ತೆ ಸೊಂಟಕ್ಕಿಟ್ಟು ನಡೆದೆ. ಗಾಳಿಗೆ ರಾಗಿ ಕಣ್ಣಿಗೆ ಬೀಳುತ್ತಿತ್ತು, ಬೇಲಿಯ ಗುಬ್ಬಿಗಳು ಹಿಂದೆ ಹಿಂದೆ ಇಳಿಯುತ್ತಿದ್ದವು. ಮಿಲ್ಲಿನ ಹಿಂದಿನ ಕೋಣೆಯ ಮುಂದೆ ಬಿಟ್ಟ ಚಪ್ಪಲಿಗಳಲ್ಲಿ ಅತ್ತೆಯದನ್ನು ಗುರುತು ಹಿಡಿದು, ಅದರ ಪಕ್ಕದಲ್ಲೇ ನನ್ನವನ್ನು ಬಿಟ್ಟು ಒಳಗೆ ಹೋದೆ. ಚಾಪೆಯ ಮೇಲೆ ಸೆರಗು ಹೊದ್ದು ಕೂತ ಹತ್ತಿಪ್ಪತ್ತು ಜನ, ಎಲ್ಲರ ಕಣ್ಣೂ ಮುಚ್ಚಿತ್ತು. ಶೇಂಗಾ ಎಣ್ಣೆಯ ಕಮಟು ವಾಸನೆ. ಅವರ ನಡುವಿನಿಂದ ನಡೆದು ಪಾಸ್ಟರ ಮುಂದಿನ ಮೇಜಿನ ಮೇಲೆ ಮೊರ ಇಟ್ಟು, ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ.

"ನಮ್ಮತ್ತೇನ ಬಿಟ್ಟುಬಿಡ್ರಿ. ರಾಗಿ ತಂದೀನಿ."

ಕಣ್ಣುಗಳು ತೆರೆದವು. ಯಾರೋ ಗಂಡಸು ನಕ್ಕ. ಪಾಸ್ಟರು ನಗಲಿಲ್ಲ; ನನ್ನೆತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಯಾರಿಗೆ ತಂದೀಯವ್ವ ರಾಗೀನ?"

"ನಿಮ್ಮ ಯೇಸಪ್ಪಗೆ. ಅಳೆದು ನೋಡ್ಕಳ್ರಿ, ಅಜ್ಜಿನೇ ತುಂಬೈತೆ."

"ಅವನು ಮಾರಾ ಪೈಕಿ ಅಲ್ಲ ಕಣವ್ವ" ಎಂದರು ಅವರು, ನಿಜವಾಗಿ ಬೇಸರವಾದವರ ಹಾಗೆ.

ಅಷ್ಟರಲ್ಲಿ ಅತ್ತೆ ಎದ್ದು ಬಂದಿದ್ದಳು. ಅವಳ ಕೈ ನನ್ನ ಬೆನ್ನಿಗೆ ಬೀಳುತ್ತದೆಂದು ಕಾದೆ, ಬೀಳಲಿಲ್ಲ. ಮೊರವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ನನ್ನ ಕೈ ಹಿಡಿದು, "ಹೋಗಾಣ ಬಾ" ಎಂದಳು. ಪ್ರಾರ್ಥನೆ ಇನ್ನೂ ಅರ್ಧದಲ್ಲಿತ್ತು. ಅವನನ್ನು ಅರ್ಧದಲ್ಲಿ ಬಿಟ್ಟು ನನ್ನ ಜೊತೆ ಬಂದಳು ಎಂದು ಮಿಲ್ಲಿನ ಗೇಟು ದಾಟುವಾಗ ನನಗಾದ ಹಿಗ್ಗನ್ನು ಆಮೇಲೆ ಯಾವ ಪರೀಕ್ಷೆಯ ನೂರಕ್ಕೆ ನೂರೂ ಕೊಟ್ಟಿಲ್ಲ. ಆ ಹಿಗ್ಗು ಊರ ಹೊರಗಿನ ಹುಣಸೆಮರದವರೆಗೆ ಇತ್ತು. ಅಲ್ಲಿ ಅತ್ತೆ, ನನ್ನ ಕೈ ಬಿಡದೆ, ಮುಂದೆ ನೋಡುತ್ತಲೇ, ಪಕ್ಕದಲ್ಲಿ ನಡೆಯುವವರೊಂದಿಗೆ ಆಡುವ ಹಾಗೆ ಸಣ್ಣಗೆ ಮಾತು ತೆಗೆದಳು. "ನೋಡಪ್ಪಾ, ಈ ಹುಡುಗಿ ನಿನ್ನ ಹತ್ರ ಯಾಪಾರಕ್ಕೆ ಬಂದಿತ್ತು. ನೀನೇನು ನಗಬ್ಯಾಡ." ಅವನೂ ಜೊತೆಗೆ ಬಂದಿದ್ದ. ತಗಡಿನ ಕೋಣೆಯಲ್ಲಿ ಅವನನ್ನು ಬಿಟ್ಟು ಬರುವುದು ಆಗುವ ಮಾತಲ್ಲ ಎಂದು ನನಗೆ ತಿಳಿದದ್ದು ಆ ಮರದ ಕೆಳಗೆ. ಸೋತೆ ಎಂದು ತಿಳಿದರೂ ಅವಳ ಕೈ ಬಿಡಲಿಲ್ಲ. ಬದಲಿಗೆ ಇನ್ನೂ ಗಟ್ಟಿಯಾಗಿ ಹಿಡಿದೆ, ಆ ಕಡೆಯ ಕೈಯನ್ನು ಯಾರು ಹಿಡಿದಿದ್ದಾರೋ ಎಂದು.

ಅಜ್ಜಿ ಕಟ್ಟೆಯ ಮೇಲೆ ದಾರಿ ನೋಡುತ್ತ ಕೂತಿದ್ದಳು. ಅತ್ತೆ ಮೊರವನ್ನು ಅವಳ ಮುಂದಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ತಗಳ್ಳಿಲ್ಲೇನು?"

"ಇಲ್ಲವ್ವ."

"ಕಮ್ಮಿ ಆತೇನೋ."

ಅತ್ತೆ ಅಲ್ಲೇ ಕುಸಿದು ಕೂತು ಅಜ್ಜಿಯ ಪಾದದ ಮೇಲೆ ಹಣೆ ಇಟ್ಟಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ಅಜ್ಜಿ ನೂಲಿನ ಕೈಯಲ್ಲಿ ಅವಳ ತಲೆ ಸವರುತ್ತ, ಮೊರದಿಂದ ಕಲ್ಲು ಆರಿಸಿದಳು. ಆ ರಾಗಿಯನ್ನು ಬೀಸಿ ಮುದ್ದೆ ಮಾಡಿ ಎಲ್ಲರೂ ಉಂಡೆವು. ಅಜ್ಜಿಗೂ ನನ್ನಷ್ಟೇ ಹೊಟ್ಟೆಕಿಚ್ಚು ಇತ್ತು ಎಂಬುದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ನನ್ನದು ಕಂಬಳಿಯ ಅಂಚಿನದು, ಅವಳದು ಹೊಟ್ಟೆಯದು.

ನಾನು ಹೈಸ್ಕೂಲು ಸೇರಿದ ವರ್ಷ ಸುಗುಣ ಸಿಸ್ಟರ್ ನಿವೃತ್ತರಾಗಿ ಚಿಕ್ಕಜಾಜೂರಿಗೆ ಹೋದರು. ಅಲ್ಲಿ ತಮ್ಮ ಪ್ರಾರ್ಥನೆಯ ಸಭೆಯವರೊಂದಿಗೆ ತಾಯಿಯಿಲ್ಲದ ಹೆಣ್ಣುಮಕ್ಕಳಿಗೆ ಒಂದು ಸಣ್ಣ ಹಾಸ್ಟೆಲ್ ಮಾಡಿ ಅತ್ತೆಯನ್ನು ಅಡುಗೆಗೆ ಕರೆದರು. ಮನೆಯಲ್ಲಿ ಯಾರೂ ಅವಳನ್ನು ಹೋಗು ಎಂದಿರಲಿಲ್ಲ. ಗದ್ದಿಗೆಯ ಕಂಬಳಿಗೆ ನೂಲು ಅವಳೇ ಆರಿಸಿ ಕೊಡುತ್ತಿದ್ದಳು, ಪೂಜೆಯ ಹೊತ್ತಿಗೆ ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು. ಎಲ್ಲರೂ ಅದಕ್ಕೆ ಒಗ್ಗಿಕೊಂಡಿದ್ದರು. ಯಾಕೆ ಹೋಗುತ್ತೀ ಎಂದು ನಾನೇ ಕೇಳಿದೆ. "ಅಲ್ಲಿ ಹುಡುಗ್ರು ಅವೆ ಕಣೇ. ತಲೆ ಬಾಚೋರಿಲ್ಲ" ಎಂದಳು. ಅವನ ಮೇಲಿನ ಕಿಚ್ಚನ್ನಾದರೂ ತಡೆದುಕೊಂಡಿದ್ದೆ. ಹೆಸರು ಗೊತ್ತಿಲ್ಲದ ಆ ತಲೆಗಳ ಮೇಲೆ ಆ ನುಣುಪು ಬೆರಳು ಆಡುವುದನ್ನು ನೆನೆದು, ಅವಳು ಹೊರಟ ದಿನ ಬಸ್ಸಿನವರೆಗೆ ಹೋಗದೆ ವಾಡೆಯ ಹಿಂದೆ ಕೂತೆ. ಅವಳು ಹುಡುಕಿಕೊಂಡು ಬಂದು, ಕಾಣದವಳ ಹಾಗೆ ವಾಡೆಯ ಈಚೆಯಿಂದಲೇ, "ಉಂಡೇನೇ?" ಎಂದಳು. ನಾನು ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಆಮೇಲೆ ಮನೆ ನಾವು ನೋಡನೋಡುತ್ತ ಕರಗಿತು. ಸಂತೆಗೆ ಮಿಲ್ಲಿನ ಬಣ್ಣದ ರಗ್ಗುಗಳು ಬಂದವು. ಅಜ್ಜಿ ತೀರಿಕೊಂಡಳು. ಅತ್ತೆ ಬಂದು ಸುದ್ದಿ ಕೇಳಿ ಸೇರಿದವರ ಮುಂದೆಯೇ ಅವಳ ಮೈಯನ್ನು ತೊಳೆದು, ತಾನು ಗಂಜಿ ಹಾಕಿದ ಕಂಬಳಿಯನ್ನೇ ಹೊದಿಸಿದಳು. ಅಪ್ಪ ಹಿರಿಯೂರಿನಲ್ಲಿ ನನ್ನ ತಮ್ಮನ ಅಂಗಡಿಗೆ ಹೋಗಿ ಕೂರತೊಡಗಿದ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಆ ಜಾಗದಲ್ಲಿ ಯಾರೋ ಮೋಟಾರು ರಿಪೇರಿಯ ಶೆಡ್ಡು ಹಾಕಿದ್ದಾರೆ. ವಾಡೆ ಒಡೆದದ್ದು ಹೇಗೆ, ಯಾವಾಗ ಎಂದು ಬರೆದಿಟ್ಟಿಲ್ಲ, ಮನೆಯವರಿಗೂ ಗೊತ್ತಿಲ್ಲ.

ನಾನು ಬಿ.ಎಡ್. ಓದುವಾಗ ಒಮ್ಮೆ ಚಿಕ್ಕಜಾಜೂರಿಗೆ ಹೋಗಿದ್ದೆ. ಅತ್ತೆಗೆ ಕೂದಲು ನರೆತಿತ್ತು. ರೈಲು ಬಂದಾಗೆಲ್ಲ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುವ ಹೊಸ ಅಭ್ಯಾಸ ಬಂದಿತ್ತು. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ನನ್ನ ತಲೆ ಬಾಚಿದಳು. ಬಹಳ ದಿನದಿಂದ ಒಳಗಿದ್ದದ್ದನ್ನು ಕೇಳಿದೆ. ಇಷ್ಟು ವರ್ಷವಾಯಿತು, ಒಂದು ದಿನವೂ ನನ್ನನ್ನು ನಿನ್ನ ದೇವರ ಹತ್ತಿರ ಕರೆಯಲಿಲ್ಲ, ಯಾಕೆ? ಬಾಚಣಿಗೆ ನಿಲ್ಲಲಿಲ್ಲ.

"ಲೇ, ನೀನು ಆಗಲೇ ಹೋಗಿ ಬಂದಾಕಿ ಅಲ್ಲೇನೇ? ಮೊರ ಹೊತ್ಕಂಡು ಹೋಗಿ ಅವನ ಎದುರಿಗೇ ನಿಂತ್ಕಂಡು ಕೇಳಿದೆ. ಅವತ್ತೇ ಅವನು ನಿನ್ನ ಮುಖ ನೋಡ್ಯಾನೆ. ಇನ್ನು ನೀವಿಬ್ರೇ ಮಾತಾಡ್ಕಳ್ರಿ. ನನ್ನ ಯಾಕೆ ನಡುವೆ ಎಳೀತೀರಿ?"

ರೈಲು ಬಂತು. ಅದು ಹೋದ ಮೇಲೆ ಅವಳು ಬೇರೆ ಮಾತು ಹಿಡಿದಳು.

ಅವಳು ಹೋದದ್ದು ಹೋದ ಮಳೆಗಾಲ, ನಿದ್ದೆಯಲ್ಲಿ. ಅಪ್ಪನನ್ನು ಕರೆದುಕೊಂಡು ಹೋದೆ. ಹಳಿಯ ಆಚೆ, ಜಾಲಿಗಿಡಗಳ ನಡುವಿನ ಅವರ ಸಮಾಧಿ ಜಾಗದಲ್ಲಿ ಕೆಂಪು ಮಣ್ಣು ಒದ್ದೆಯಾಗಿತ್ತು. ಗುರುತು ಪರಿಚಯವಿಲ್ಲದ ಎಷ್ಟೊಂದು ಜನ ಅಳುತ್ತಿದ್ದರು. ಅವರಲ್ಲಿ ಯಾರಿಗೆ ಅವಳು ಎಷ್ಟು ಸೇರಿದ್ದಳೋ ಎಂದು ನಾನು ಒಂದೊಂದೇ ಮುಖವನ್ನು ತೂಗಿ ನೋಡುತ್ತಿದ್ದೆ. ಆಗ ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು ತಿರುಗಿಸಿ, "ನೀನೇನಾ ರಾಗಿ ರತ್ನಿ?" ಎಂದಳು. ಸುತ್ತಲಿದ್ದ ಹೆಂಗಸರೆಲ್ಲ ಹತ್ತಿರ ಬಂದರು. ನನ್ನ ಲೆಕ್ಕದ ಮಾರ್ಕು, ನನ್ನ ಕಾಮಾಲೆ, ಕೈ ತಪ್ಪಿದ ಸರ್ಕಾರಿ ನೌಕರಿ, ಎಲ್ಲ ಅವರಿಗೆ ಗೊತ್ತಿತ್ತು. ಎಲ್ಲಕ್ಕೂ ಅವರು ಪ್ರಾರ್ಥನೆ ಮಾಡಿದ್ದರಂತೆ. ಅವರ ಸಭೆಯಲ್ಲಿ ಒಬ್ಬೊಬ್ಬರು ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಹೇಳುವುದುಂಟು, ಸಾಕ್ಷಿ ಎನ್ನುತ್ತಾರೆ. ಅತ್ತೆಯ ಸಾಕ್ಷಿ ಯಾವಾಗಲೂ ಒಂದೇ ಆಗಿತ್ತೆಂದು ಮುದುಕಿ ಅವಳ ದನಿಯಲ್ಲೇ ಹೇಳಿ ತೋರಿಸಿದಳು. "ಯಾರಿಗೂ ಬ್ಯಾಡ ಅಂತ ತಿಪ್ಪೆಗೆ ಹಾಕಿದ ಕೂಸು ನಾನು. ನಮ್ಮವ್ವ ರಾಗಿ ಸುರಿದು ಕೊಂಡ್ಳು. ನನ್ನಪ್ಪ ಪ್ರಾಣ ಕೊಟ್ಟು ಕೊಂಡ. ಅಷ್ಟಾದ್ರೂ ಸಾಲದು ಅಂತ ನಮ್ಮಣ್ಣನ ಮಗಳು ಅವನ ಹತ್ರಾನೇ ಬಿಡಿಸ್ಕಣಾಕೆ ಬಂದ್ಳು. ಇಷ್ಟು ಬೇಕಾದೋಳು ಈ ಸಭೇಲಿ ಇನ್ಯಾರವ್ವ ಅದೀರಿ, ಕೈ ಎತ್ರಿ."

ಜನ ನಕ್ಕರು, ಅತ್ತರು. ನನಗೆ ಆಗಲೂ ಉರಿಯಿತು ಎಂದರೆ ನೀವು ನಂಬಬೇಕು. ಈ ಮಾತನ್ನು ಅವಳು ಇವರಿಗೆಲ್ಲ ಹೇಳಿದ್ದಾಳೆ, ನನಗೆ ಹೇಳಲಿಲ್ಲ. ಇವರೆಲ್ಲ ಪ್ರತಿ ವರ್ಷ ಕೇಳಿದ್ದನ್ನು ನಾನು ಅವಳ ಗುಂಡಿಯ ಮಣ್ಣು ಕಾಲಿಗೆ ಮೆತ್ತಿಕೊಂಡು ನಿಂತಾಗ ಕೇಳಬೇಕಾಯಿತು. ಅವಳ ಕೋಣೆಯಲ್ಲಿ ಹೆಚ್ಚೇನೂ ಇರಲಿಲ್ಲ. ಗೋಡೆಯ ಮೇಲೆ ಒಂದು ಶಿಲುಬೆ, ಅದರ ಪಕ್ಕದ ಮೊಳೆಗೆ ಅಂಚು ಸವೆದ ನಮ್ಮ ಮನೆಯ ಮೊರ. ಮೊರವನ್ನು ಅಲ್ಲೇ ಬಿಟ್ಟೆ. ಹಾಸ್ಟೆಲ್ಲಿನ ಹುಡುಗಿಯರು ಅದನ್ನು ತೆಗೆಯಲು ಒಪ್ಪುವಂತೆ ಕಾಣಲಿಲ್ಲ. ಕಂಬಳಿಯನ್ನು ಮಾತ್ರ ಕೇಳಿ ತಂದೆ.

ಕಳೆದ ವಾರ ನೆನೆದದ್ದು ಅದೇ ಕಂಬಳಿ. ಹಿಂಡಿ, ಒಳಗೆ ಹರವಿದರೂ ಸಂಜೆಯವರೆಗೆ ಒಣಗಲಿಲ್ಲ. ದೀಪ ಹಾಕದೆ ಅದರ ಒಣಗಿದ ಮೂಲೆಯೊಂದನ್ನು ಹೆಗಲ ಮೇಲೆ ಎಳೆದುಕೊಂಡು ಕೂತೆ. ಕಿಟಕಿಯಾಚೆ ಗುಡ್ಡದ ಮೇಲಿನ ಕಲ್ಲುಗಳು ಒಂದೊಂದಾಗಿ ಮಸುಕಾಗುತ್ತಿದ್ದವು. ನನಗೆ ಪ್ರಾರ್ಥನೆ ಬರುವುದಿಲ್ಲ. ಅವನನ್ನು ಅಪ್ಪ ಎನ್ನಲು ನಾಲಗೆ ಏಳುವುದಿಲ್ಲ. ಅದು ಅವಳ ಮಾತು, ಅವಳ ಬಳೆ. ಇಷ್ಟು ವರ್ಷ ಅವನೊಂದಿಗೆ ಮಾತು ಬಿಟ್ಟವಳು ನಾನು. ಆದರೂ ಅವಳ ವಿಷಯ ಕೇಳಬೇಕೆಂದರೆ ಈಗ ಅವನನ್ನೇ ಕೇಳಬೇಕು, ಬೇರೆ ಯಾರೂ ಇಲ್ಲ. ಅಂಚನ್ನು ಮುಖದವರೆಗೆ ಎಳೆದುಕೊಂಡೆ. ಹುಣಸೆ ಬೀಜದ ವಾಸನೆ ಬಂತು.

"ಅತ್ತೆ ಉಂಡ್ಲಾ?" ಎಂದೆ.